ಪೆನ್‌ಡ್ರೈವ್‌ನಲ್ಲಿ ಹಾಡಿದೆ, ಪ್ಲೇಯರ್ ಏಕೆ ಹಾಡುತ್ತಿಲ್ಲ? ಆಡಿಯೊ, ವಿಡಿಯೊ ಕಡತಗಳ ಬಗೆಯನ್ನು ತಿಳಿಯುವ ಕ್ರಮ

ಸಾಗರದ ಬಳಿಯ ಹಳ್ಳಿಯಲ್ಲಿರುವ ನನ್ನ ಸೋದರತ್ತೆ ಅಡಿಕೆ ಸುಲಿಯುವ ದಿನಗಳಲ್ಲಿ ಪಕ್ಕದಲ್ಲಿ ಪುಟ್ಟದೊಂದು ಸ್ಪೀಕರ್ ಪೆಟ್ಟಿಗೆಯನ್ನು ಇಟ್ಟುಕೊಂಡು ತಾಳಮದ್ದಲೆ ಕೇಳುತ್ತಾರೆ. ಪೆನ್‌ಡ್ರೈವ್ ಮತ್ತು ಮೆಮೊರಿ ಕಾರ್ಡ್ ಸಿಕ್ಕಿಸುವ ಕಿಂಡಿಗಳು, ಎಫ್‌ಎಂ ರೇಡಿಯೊ, ನಾಲ್ಕು ಗುಂಡಿಗಳು, ಅಷ್ಟೇ. ಕಳೆದ ಕೊನೆಕೊಯ್ಲಿನ ಹೊತ್ತಿಗೆ ಅವರ ಮಗ ಎಲ್ಲೆಲ್ಲಿಂದಲೋ ಕೂಡಿಹಾಕಿದ 41 ಕಡತಗಳನ್ನು ಒಂದು ಪೆನ್‌ಡ್ರೈವ್‌ಗೆ ತುಂಬಿಕೊಟ್ಟಿದ್ದ. ಅವುಗಳಲ್ಲಿ ನುಡಿದದ್ದು 19 ಮಾತ್ರ. ಪೆನ್‌ಡ್ರೈವ್ ಕೆಟ್ಟಿದೆ ಎಂದು ಒಬ್ಬರು, ಪೆಟ್ಟಿಗೆಯೇ ಕಳಪೆ ಎಂದು ಇನ್ನೊಬ್ಬರು ತೀರ್ಮಾನಿಸಿಬಿಟ್ಟಿದ್ದರು. ನಿಜವಾಗಿ ಎರಡೂ ಸರಿಯಾಗಿಯೇ ಇದ್ದವು. ಕಂಪ್ಯೂಟರಿಗೆ ಸಿಕ್ಕಿಸಿ ಒಂದೊಂದನ್ನೇ ತೆರೆದು ನೋಡಿದಾಗ, ನುಡಿಯದ 22 ಕಡತಗಳಲ್ಲಿ 12 ಎಂ4ಎ ಬಗೆಯವು, 6 ಓಪಸ್, 2 ಫ್ಲಾಕ್ ಎಂಬುದೂ, ಉಳಿದ ಎರಡು ಎಂಪಿ3 ಎಂಬ ಹೆಸರು ಹೊತ್ತಿದ್ದರೂ ಒಳಗೆ ಬೇರೆಯೇ ಆಗಿದ್ದವೆಂಬುದೂ ತಿಳಿಯಿತು. ಇಂಥ ಪೆಟ್ಟಿಗೆ, ಕಾರಿನ ಸ್ಟೀರಿಯೊ, ಕಿಸೆಯ ಪ್ಲೇಯರ್ ಅಥವಾ ಟಿವಿಯ ಯುಎಸ್‌ಬಿ ಕಿಂಡಿಗೆ ಹಾಡು ಮತ್ತು ವಿಡಿಯೊ ತುಂಬುವವರು ಏನನ್ನು ತಿಳಿದಿರಬೇಕು, ಯಾವ ಕ್ರಮದಲ್ಲಿ ಕೆಲಸ ಮಾಡಬೇಕು ಎಂಬುದನ್ನು ಆ ಒಂದು ಪೆನ್‌ಡ್ರೈವನ್ನೇ ಮುಂದಿಟ್ಟುಕೊಂಡು ಇಲ್ಲಿ ವಿವರಿಸುತ್ತೇನೆ.

ಬಾಲ, ಡಬ್ಬಿ, ಒಳಗಿನ ಪದಾರ್ಥ

ಕಾಫಿಪುಡಿಯ ಡಬ್ಬಿಯಲ್ಲಿ ಮೆಂತ್ಯ ತುಂಬಿಟ್ಟಿರುವ ಅಡುಗೆಮನೆ ನಮಗೆಲ್ಲ ಪರಿಚಿತ. ಕಡತಗಳ ವಿಷಯವೂ ಹಾಗೆಯೇ ಇದೆ. ಕಡತದ ಹೆಸರಿನ ಕೊನೆಯಲ್ಲಿ ಚುಕ್ಕಿಯ ನಂತರ ಬರುವ ಮೂರು ನಾಲ್ಕು ಅಕ್ಷರಗಳ ಬಾಲವು ಡಬ್ಬಿಯ ಮೇಲಿನ ಚೀಟಿ ಮಾತ್ರ. ಅದರ ಒಳಗೆ ದನಿಯನ್ನೂ ಚಿತ್ರವನ್ನೂ ಒಟ್ಟಾಗಿ ಜೋಡಿಸಿಡುವ ಡಬ್ಬಿ ಇರುತ್ತದೆ. ಎಂಪಿ4, ಎಂಕೆವಿ, ಎವಿಐ, ಓಗ್ ಇವೆಲ್ಲ ಡಬ್ಬಿಗಳ ಹೆಸರುಗಳು. ಡಬ್ಬಿಯೊಳಗಿನ ದನಿಯನ್ನು ಅಥವಾ ಚಿತ್ರವನ್ನು ಯಾವ ಪದ್ಧತಿಯಿಂದ ಕುಗ್ಗಿಸಿ ಸಂಕೇತಗಳಾಗಿ ಬರೆಯಲಾಗಿದೆ ಎಂಬುದು ಮೂರನೆಯ ಸಂಗತಿ. ಆ ಪದ್ಧತಿಗೆ ಕೊಡೆಕ್ ಎನ್ನುತ್ತಾರೆ. ಪ್ಲೇಯರ್ ಒಂದು ಕಡತವನ್ನು ನುಡಿಸಬೇಕಾದರೆ ಅದಕ್ಕೆ ಡಬ್ಬಿಯನ್ನು ತೆರೆಯಲೂ ಬರಬೇಕು, ಒಳಗಿನ ಕೊಡೆಕ್ಕನ್ನು ಬಿಡಿಸಲೂ ಬರಬೇಕು. ಒಂದು ಬಂದು ಇನ್ನೊಂದು ಬಾರದಿದ್ದರೆ ದನಿಯಿಲ್ಲದ ಚಿತ್ರವೋ, ಚಿತ್ರವಿಲ್ಲದ ದನಿಯೋ, ಬರಿಯ ಮೌನವೋ ಸಿಗುತ್ತದೆ.

ಅತ್ತೆಯ ಪೆನ್‌ಡ್ರೈವ್‌ನಲ್ಲಿ ಸುಳ್ಳು ಹೆಸರಿನ ಎರಡು ಕಡತಗಳಿದ್ದವಲ್ಲ, ಅವನ್ನು ಯಾರೋ ಎಂ4ಎ ಎಂಬ ಬಾಲ ಅಳಿಸಿ ಎಂಪಿ3 ಎಂದು ಬರೆದು ಕಳಿಸಿದ್ದರು. ಚೀಟಿ ಬದಲಿಸಿದರೆ ಮೆಂತ್ಯ ಕಾಫಿಪುಡಿಯಾಗುವುದಿಲ್ಲ. ಕಂಪ್ಯೂಟರಿನಲ್ಲಿ ಅಥವಾ ಮೊಬೈಲಿನಲ್ಲಿ ಅವು ನುಡಿಯುತ್ತವೆ, ಏಕೆಂದರೆ ಅಲ್ಲಿನ ತಂತ್ರಾಂಶಗಳು ಚೀಟಿಯನ್ನು ಬದಿಗಿಟ್ಟು ಒಳಗಿರುವುದನ್ನು ಮೂಸಿ ನೋಡುತ್ತವೆ. ಪುಟ್ಟ ಪೆಟ್ಟಿಗೆಯೊಳಗಿನ ಚಿಪ್ಪಿಗೆ ಅಷ್ಟು ಜಾಣತನ ಇರುವುದಿಲ್ಲ. ಮೊಬೈಲಿನಲ್ಲಿ ನುಡಿಯಿತು ಎಂಬ ಒಂದೇ ಆಧಾರದ ಮೇಲೆ ಪೆಟ್ಟಿಗೆಯಲ್ಲೂ ನುಡಿಯುತ್ತದೆಂದು ನಂಬುವುದರಿಂದಲೇ ಹೆಚ್ಚಿನ ತೊಂದರೆಗಳು ಹುಟ್ಟುತ್ತವೆ.

ಆದ್ದರಿಂದ ಮೊದಲು ಮಾಡಬೇಕಾದ ಕೆಲಸ, ನಿಮ್ಮ ಕೈಯಲ್ಲಿರುವ ಕಡತ ನಿಜವಾಗಿ ಏನು ಎಂಬುದನ್ನು ನೋಡುವುದು. ವಿಂಡೋಸ್ ತಾನಾಗಿಯೇ ಹೆಸರಿನ ಬಾಲವನ್ನು ಮರೆಮಾಡಿ ತೋರಿಸುತ್ತದೆ. ಫೋಲ್ಡರ್ ಕಿಟಕಿಯ ವ್ಯೂ ಮೆನುವಿಗೆ ಹೋಗಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಎಂಬುದಕ್ಕೆ ಗುರುತು ಹಾಕಿದರೆ ಅದು ಕಾಣತೊಡಗುತ್ತದೆ. ಚೀಟಿಯಾಚೆಗೆ ನೋಡಲು ಎರಡು ಉಚಿತ ಸಾಧನಗಳಿವೆ. ವಿಎಲ್‌ಸಿಯಲ್ಲಿ ಕಡತವನ್ನು ತೆರೆದು ಟೂಲ್ಸ್ ಮೆನುವಿನಲ್ಲಿ ಕೊಡೆಕ್ ಇನ್ಫರ್ಮೇಶನ್ ಎಂಬುದನ್ನು ಒತ್ತಿದರೆ ದನಿ ಯಾವ ಕೊಡೆಕ್‌ನಲ್ಲಿದೆ, ಚಿತ್ರ ಯಾವುದರಲ್ಲಿದೆ, ಎಷ್ಟು ಅಗಲ ಎಷ್ಟು ಎತ್ತರ ಎಂಬುದೆಲ್ಲ ಬೇರೆ ಬೇರೆಯಾಗಿ ಕಾಣುತ್ತದೆ. ಮೀಡಿಯಾಇನ್ಫೊ ಎಂಬ ತಂತ್ರಾಂಶ ಇದಕ್ಕಾಗಿಯೇ ಇರುವಂಥದ್ದು. ಡಬ್ಬಿ, ಕೊಡೆಕ್, ಬಿಟ್‌ರೇಟ್, ಅವಧಿ ಎಲ್ಲವನ್ನೂ ಒಂದೇ ಪುಟದಲ್ಲಿ ಕೊಡುತ್ತದೆ. ಆಮೇಲೆ ಪ್ಲೇಯರ್ ಜೊತೆಗೆ ಬಂದ ಕಾಗದವನ್ನೋ ಖೋಕದ ಹಿಂಬದಿಯನ್ನೋ ಓದಿ, ಅಲ್ಲಿ ಬರೆದಿರುವ ಹೆಸರುಗಳ ಜೊತೆ ಹೋಲಿಸಬೇಕು. ಆ ಕಾಗದ ಕಳೆದುಹೋಗಿದ್ದರೆ ಎಂಪಿ3 ಒಂದನ್ನೇ ನಂಬುವುದು ಕ್ಷೇಮ.

ದನಿಯ ಲೆಕ್ಕ

ಬಗೆಗಳನ್ನು ಒಂದೊಂದಾಗಿ ನೋಡುವ ಮೊದಲು ಒಂದು ಸಣ್ಣ ಲೆಕ್ಕ ಗೊತ್ತಿರಬೇಕು, ಏಕೆಂದರೆ ಯಾವುದನ್ನು ಆರಿಸಬೇಕೆಂಬ ನಿರ್ಧಾರವೆಲ್ಲ ಅದರ ಮೇಲೆ ನಿಂತಿದೆ. ಸಿಡಿಯಲ್ಲಿ ದನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಒಂದೊಂದು ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆದಿಡುತ್ತಾರೆ; ಎಡ ಬಲ ಎರಡಕ್ಕೂ ಹೀಗೆಯೇ. ಮನುಷ್ಯನ ಕಿವಿಗೆ ಹೆಚ್ಚೆಂದರೆ 20,000 ಹರ್ಟ್ಜ್‌ವರೆಗಿನ ದನಿ ಕೇಳಿಸುತ್ತದೆ, ಅದನ್ನು ಹಿಡಿದಿಡಲು ಅದರ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು ಸಲ ಅಳೆಯಬೇಕು ಎಂಬುದು ಈ ಸಂಖ್ಯೆಯ ಹಿಂದಿರುವ ಕಾರಣ. ಗುಣಿಸಿ ನೋಡಿದರೆ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್, ನಿಮಿಷಕ್ಕೆ ಹತ್ತೂವರೆ ಮೆಗಾಬೈಟ್ ಆಗುತ್ತದೆ. ವೇವ್ ಕಡತದಲ್ಲಿ ಇರುವುದು ಕುಗ್ಗಿಸದ ಈ ದನಿಯೇ.

ಇದನ್ನು ಕುಗ್ಗಿಸುವ ದಾರಿಗಳು ಎರಡು. ಒಂದು, ಯಾವುದನ್ನೂ ಬಿಸಾಡದೆ ಒತ್ತಾಗಿ ಮಡಚಿಡುವುದು. ಬಿಚ್ಚಿದಾಗ ಮೊದಲಿದ್ದದ್ದು ಒಂದು ಬಿಟ್ ಕೂಡ ವ್ಯತ್ಯಾಸವಿಲ್ಲದೆ ಮರಳಿ ಸಿಗುತ್ತದೆ. ಫ್ಲಾಕ್ ಮತ್ತು ಆ್ಯಪಲ್‌ನ ಅಲಾಕ್ ಈ ಜಾತಿಯವು. ಹೀಗೆ ಮಡಚಿದರೆ ಗಾತ್ರ ಸಾಮಾನ್ಯವಾಗಿ ಅರ್ಧದ ಆಸುಪಾಸಿಗೆ ಇಳಿಯುತ್ತದೆ, ಅದಕ್ಕಿಂತ ಬಹಳ ಕೆಳಗೆ ಹೋಗದು. ಇನ್ನೊಂದು ದಾರಿಯಲ್ಲಿ ಕಿವಿಗೆ ಹೇಗೂ ಕೇಳಿಸದ ಭಾಗವನ್ನು ಗುರುತಿಸಿ ಅದನ್ನು ಕೈಬಿಡುತ್ತಾರೆ. ಗಟ್ಟಿಯಾದ ದನಿಯೊಂದು ಮೊಳಗುವಾಗ ಅದರ ಪಕ್ಕದ ಸ್ಥಾಯಿಯ ಮೆಲುದನಿ ನಮಗೆ ಕೇಳಿಸುವುದಿಲ್ಲ ಎಂಬ ಅನುಭವವೇ ಇದಕ್ಕೆ ಆಧಾರ. ಎಂಪಿ3, ಎಎಸಿ, ಓಪಸ್ ಎಲ್ಲವೂ ಹೀಗೆ ಕೆಲಸ ಮಾಡುತ್ತವೆ, ಒಮ್ಮೆ ಕೈಬಿಟ್ಟದ್ದು ಮತ್ತೆ ಬರುವುದಿಲ್ಲ.

ಹೀಗೆ ಕುಗ್ಗಿಸಿದ ಮೇಲೆ ಒಂದು ಸೆಕೆಂಡಿಗೆ ಎಷ್ಟು ಬಿಟ್ ಉಳಿಸಿಕೊಂಡಿದ್ದೇವೆ ಎಂಬುದೇ ಬಿಟ್‌ರೇಟ್. 8 ಬಿಟ್ ಸೇರಿದರೆ ಒಂದು ಬೈಟ್, ಆದ್ದರಿಂದ ಅದನ್ನು 8ರಿಂದ ಭಾಗಿಸಿ ಸೆಕೆಂಡುಗಳಿಂದ ಗುಣಿಸಿದರೆ ಕಡತದ ಗಾತ್ರ ಸಿಗುತ್ತದೆ. 128 ಕಿಲೋಬಿಟ್‌ನ ಎಂಪಿ3 ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಮೆಗಾಬೈಟ್, ಗಂಟೆಗೆ 57.6 ಮೆಗಾಬೈಟ್, 320 ಕಿಲೋಬಿಟ್ ಆದರೆ ಗಂಟೆಗೆ 144. ಈ ಲೆಕ್ಕದಲ್ಲಿ 32 ಗಿಗಾಬೈಟ್‌ನ ಪೆನ್‌ಡ್ರೈವ್‌ನಲ್ಲಿ 128 ಕಿಲೋಬಿಟ್‌ನ ಎಂಪಿ3 ಸುಮಾರು 550 ಗಂಟೆಗಳಷ್ಟು ಹಿಡಿಯುತ್ತದೆ. ಜಾಗ ಉಳಿಸಲೆಂದು ದನಿಯನ್ನು ಹಿಂಡುವ ಕಾಲ ಎಂದೋ ಮುಗಿದಿದೆ ಎಂಬುದು ಇದರಿಂದ ಸ್ಪಷ್ಟ. 64 ಮೆಗಾಬೈಟ್‌ನ ಪ್ಲೇಯರ್‌ಗಳ ದಿನಗಳಲ್ಲಿ ರೂಢಿಯಾದ ಕಡಿಮೆ ಬಿಟ್‌ರೇಟನ್ನು ಇಂದಿಗೂ ಬಿಡದೆ ಹಿಡಿದುಕೊಂಡಿರುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ.

ಎಲ್ಲ ಕಡೆಯೂ ನಡೆಯುವ ನಾಣ್ಯ

ಜರ್ಮನಿಯ ಎರ್ಲಾಂಗೆನ್‌ನಲ್ಲಿರುವ ಫ್ರಾನ್‌ಹೋಫರ್ ಸಂಸ್ಥೆಯ ಎಂಜಿನಿಯರುಗಳ ದುಡಿಮೆ ಎಂಪಿ3ಯ ಹಿಂದಿದೆ. ಎಂಪೆಗ್ ಮಾನದಂಡದ ಆಡಿಯೊ ವಿಭಾಗದ ಮೂರನೆಯ ಪದರ ಎಂಬುದು ಅದರ ಪೂರ್ಣ ಹೆಸರು. ಎಂಪಿ3 ಎಂಬ ಬಾಲವನ್ನು 1995ರ ಜುಲೈ 14ರಂದು ಆರಿಸಿಕೊಂಡರು. ಅದರ ಪೇಟೆಂಟ್ ಪರವಾನಗಿಯ ವ್ಯವಸ್ಥೆ 2017ರ ಏಪ್ರಿಲ್‌ನಲ್ಲಿ ಕೊನೆಗೊಂಡಿತು. ಇದಕ್ಕಿಂತ ಉತ್ತಮವಾದ ಪದ್ಧತಿಗಳು ಬಂದು ಎಷ್ಟೋ ವರ್ಷಗಳಾಗಿದ್ದರೂ ಅಗ್ಗದ ಪೆಟ್ಟಿಗೆಯಿಂದ ಹಿಡಿದು ಬಸ್ಸಿನ ಸ್ಟೀರಿಯೊವರೆಗೆ ಎಲ್ಲವೂ ನುಡಿಸುವ ಬಗೆ ಇದೊಂದೇ. ಇದಕ್ಕೆ ಇನ್ನೊಂದು ಗುಣವಿದೆ. ಎಂಪಿ3 ಕಡತವು ಸುಮಾರು 26 ಮಿಲಿಸೆಕೆಂಡಿನ ಪುಟ್ಟ ತುಂಡುಗಳ ಸಾಲು. ಪ್ರತಿ ತುಂಡಿನ ತಲೆಯ ಮೇಲೂ ಅದರ ವಿವರ ಬರೆದಿರುತ್ತದೆ. ಹೀಗಾಗಿ ಅರ್ಧ ನಕಲಾಗುವಾಗ ಕರೆಂಟು ಹೋದರೂ ನಕಲಾದಷ್ಟು ಭಾಗ ನುಡಿಯುತ್ತದೆ. ಎಂಪಿ4 ಮತ್ತು ಎಂ4ಎ ಡಬ್ಬಿಗಳಲ್ಲಿ ಒಳಗೆ ಏನು ಎಲ್ಲಿದೆ ಎಂಬ ಪಟ್ಟಿಯನ್ನು ಅನೇಕ ವೇಳೆ ಕೊನೆಯಲ್ಲಿ ಬರೆಯಲಾಗುತ್ತದೆ. ಕೊನೆ ತಲುಪದೆ ತುಂಡಾದ ಕಡತದಲ್ಲಿ ದನಿಯೆಲ್ಲ ಇದ್ದರೂ ಪ್ಲೇಯರ್‌ಗೆ ಅದನ್ನು ತೆರೆಯಲಾಗುವುದಿಲ್ಲ. ಮೊಬೈಲಿನ ಬ್ಯಾಟರಿ ಮುಗಿದು ಅರ್ಧಕ್ಕೆ ನಿಂತ ರೆಕಾರ್ಡಿಂಗ್ ತೆರೆಯದೇ ಹೋಗುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ.

ಎಎಸಿ 1997ರಲ್ಲಿ ಮಾನದಂಡವಾಯಿತು. ಅಷ್ಟೇ ಬಿಟ್‌ರೇಟಿನಲ್ಲಿ ಎಂಪಿ3ಗಿಂತ ಶುಭ್ರವಾದ ದನಿ ಕೊಡುತ್ತದೆ, ಕಡಿಮೆ ಬಿಟ್‌ರೇಟಿನಲ್ಲಿ ಈ ವ್ಯತ್ಯಾಸ ಹೆಚ್ಚು ಎದ್ದು ಕಾಣುತ್ತದೆ. ಐಫೋನಿನ ಮತ್ತು ಬಹಳಷ್ಟು ಆ್ಯಂಡ್ರಾಯ್ಡ್ ಫೋನುಗಳ ರೆಕಾರ್ಡರ್‌ಗಳು ಇದನ್ನೇ ಎಂ4ಎ ಎಂಬ ಬಾಲದೊಂದಿಗೆ ಉಳಿಸುತ್ತವೆ. ಅತ್ತೆಯ 12 ಕಡತಗಳು ಕೂಟದ ಎದುರು ಫೋನಿಟ್ಟು ರೆಕಾರ್ಡ್ ಮಾಡಿಕೊಂಡಂಥವು. ಓಪಸ್ ಇನ್ನೂ ಹೊಸದು, 2012ರದು, ಮತ್ತು ಬಹಳ ಕಡಿಮೆ ಬಿಟ್‌ರೇಟಿನಲ್ಲೂ ಮಾತನ್ನು ಅಚ್ಚುಕಟ್ಟಾಗಿ ಹಿಡಿದಿಡುವಂಥದ್ದು. ವಾಟ್ಸ್‌ಆ್ಯಪ್‌ನ ಧ್ವನಿ ಸಂದೇಶಗಳು ಇರುವುದು ಈ ಬಗೆಯಲ್ಲಿ. ಹೀಗಾಗಿಯೇ ಬಂಧುಗಳು ಕಳಿಸಿದ ಹಾಡುಗಳು ಫೋನಿನಲ್ಲಿ ನುಡಿದು ಪೆಟ್ಟಿಗೆಯಲ್ಲಿ ನುಡಿಯಲಿಲ್ಲ. ಮೈಕ್ರೋಸಾಫ್ಟ್‌ನ ಡಬ್ಲ್ಯುಎಂಎಯನ್ನು ಹಳೆಯ ಕಾರ್ ಸ್ಟೀರಿಯೊಗಳು ನುಡಿಸುತ್ತವೆ, ಆದರೆ ಈಗ ಹೊಸದಾಗಿ ಅದರಲ್ಲಿ ಏನನ್ನೂ ತುಂಬಬೇಕಾಗಿಲ್ಲ. ಹಳೆಯ ಗುಂಡಿ ಫೋನುಗಳಿಂದ ಬಂದ ಎಎಂಆರ್ ಕಡತಗಳಿದ್ದರೆ ಅವು ಸೆಕೆಂಡಿಗೆ 8,000 ಸಲ ಮಾತ್ರ ಅಳೆದ ದನಿಗಳು. ಯಾವ ಬಗೆಗೆ ಬದಲಿಸಿದರೂ ಹಳೆಯ ಟೆಲಿಫೋನಿನಲ್ಲಿ ಕೇಳಿದಂತೆಯೇ ಇರುತ್ತವೆ.

ಹಾಡು ಕೇಳಿಸುವ ಆ್ಯಪ್‌ಗಳಲ್ಲಿ ಡೌನ್‌ಲೋಡ್ ಎಂದು ಒತ್ತಿದಾಗ ಬರುವುದನ್ನೂ ಹಲವರು ಪೆನ್‌ಡ್ರೈವ್‌ಗೆ ಹಾಕಲು ಹೊರಡುತ್ತಾರೆ. ಅವು ಬೀಗ ಹಾಕಿದ ಕಡತಗಳು. ಆ ಆ್ಯಪ್‌ನೊಳಗೆ ಮಾತ್ರ ನುಡಿಯುತ್ತವೆ. ಪೆಟ್ಟಿಗೆಗೆ ಬೇಕಾದರೆ ಸಿಡಿ ಕೊಂಡು ತಾವೇ ಎಂಪಿ3 ಮಾಡಿಕೊಳ್ಳಬೇಕು, ಇಲ್ಲವೇ ಬೀಗವಿಲ್ಲದ ಕಡತವನ್ನು ಮಾರುವ ಕಡೆಯಿಂದ ಪಡೆಯಬೇಕು.

ಚೆಂಡೆಯ ಪೆಟ್ಟು ಹೇಳಿಕೊಡುವ ಪಾಠ

ಎಷ್ಟು ಬಿಟ್‌ರೇಟ್ ಸಾಕು ಎಂಬ ಪ್ರಶ್ನೆಗೆ ಎಲ್ಲರೂ ಒಂದು ಸಂಖ್ಯೆಯನ್ನು ಕೇಳುತ್ತಾರೆ. ಉತ್ತರ ಒಳಗಿರುವ ದನಿಯ ಮೇಲೆ ನಿಂತಿದೆ. ತಾಳಮದ್ದಲೆಯ ಒಂದು ಹಳೆಯ ಕ್ಯಾಸೆಟ್ಟನ್ನು 64 ಕಿಲೋಬಿಟ್‌ನ ಎಂಪಿ3 ಮಾಡಿ ಕೇಳಿ ನೋಡಿ. ಅರ್ಥಧಾರಿಯ ಮಾತು ಸ್ಪಷ್ಟವಾಗಿಯೇ ಇರುತ್ತದೆ. ಭಾಗವತರು ಪದ ಎತ್ತಿಕೊಂಡು ಚೆಂಡೆ ಸೇರಿತೆಂದರೆ ಪೆಟ್ಟಿನ ಅಂಚು ಮೊಂಡಾಗುತ್ತದೆ, ಪ್ರತಿ ಪೆಟ್ಟಿನ ಮುಂಚೆ ಉಸಿರಿನಂಥ ಸದ್ದೊಂದು ಇಣುಕುತ್ತದೆ. ಚಕ್ರತಾಳದ ನಾದವು ನೀರಿನೊಳಗಿಂದ ಬಂದಂತೆ ನಡುಗುತ್ತದೆ. ಎಂಪಿ3 ದನಿಯನ್ನು ತುಂಡು ತುಂಡಾಗಿ ಕುಗ್ಗಿಸುವಾಗ ಉಂಟಾಗುವ ಕೊರತೆಯು ಆ ತುಂಡಿನ ಉದ್ದಕ್ಕೂ ಹರಡಿಕೊಳ್ಳುತ್ತದೆ; ತುಂಡಿನ ಮೊದಲರ್ಧ ನಿಶ್ಶಬ್ದವಾಗಿದ್ದು ಎರಡನೆಯ ಅರ್ಧದಲ್ಲಿ ಪೆಟ್ಟು ಬಿದ್ದರೆ, ಆ ಕೊರತೆ ಪೆಟ್ಟಿಗಿಂತ ಮೊದಲೇ ಸದ್ದಾಗಿ ಕೇಳಿಸುತ್ತದೆ. ಇದನ್ನು ಪೂರ್ವಪ್ರತಿಧ್ವನಿ ಎನ್ನಬಹುದು. ಪಾಶ್ಚಾತ್ಯರು ಕೊಡೆಕ್‌ಗಳನ್ನು ಪರೀಕ್ಷಿಸಲು ಕ್ಯಾಸ್ಟನೆಟ್ ಎಂಬ ಮರದ ಚಿಟಿಕೆಗಳ ದನಿಯನ್ನು ಬಳಸುವುದು ಇದೇ ಕಾರಣಕ್ಕೆ. ನಮಗೆ ಅದಕ್ಕಿಂತ ಕಠಿಣವಾದ ಪರೀಕ್ಷೆ ಚೆಂಡೆಯಲ್ಲೇ ಇದೆ.

ಆದ್ದರಿಂದ ನನ್ನ ಅಭ್ಯಾಸ ಹೀಗಿದೆ. ಬರಿಯ ಮಾತು, ಉಪನ್ಯಾಸ, ವಾಚನ ಇದ್ದರೆ 64 ಕಿಲೋಬಿಟ್, ಮೊನೊ, ಅಂದರೆ ಎಡ ಬಲ ಎಂದು ಬೇರ್ಪಡಿಸದ ಒಂದೇ ದನಿ. ಒಂದೇ ಮೈಕಿನಲ್ಲಿ ದಾಖಲಾದ ತಾಳಮದ್ದಲೆಗೆ 96ರಿಂದ 128 ಕಿಲೋಬಿಟ್, ಅದೂ ಮೊನೊ; ಎಡ ಬಲ ಎರಡರಲ್ಲೂ ಒಂದೇ ದನಿ ಇರುವಾಗ ಸ್ಟೀರಿಯೊ ಮಾಡಿ ಬಿಟ್‌ಗಳನ್ನು ಹಂಚಿಹಾಕುವುದರಲ್ಲಿ ಅರ್ಥವಿಲ್ಲ. ಸಿಡಿಯಿಂದ ತೆಗೆದ ಸಂಗೀತಕ್ಕೆ 192 ಅಥವಾ 256 ಕಿಲೋಬಿಟ್ ಸ್ಟೀರಿಯೊ. ಅಂಗೈಯಗಲದ ಸ್ಪೀಕರಿನಲ್ಲಿ ಇದಕ್ಕಿಂತ ಮೇಲಿನ ವ್ಯತ್ಯಾಸ ಕೇಳಿಸುವುದಿಲ್ಲ. ದನಿಯ ಅಗತ್ಯಕ್ಕೆ ತಕ್ಕಂತೆ ಬಿಟ್‌ರೇಟನ್ನು ಏರಿಳಿಸುವ ಆಯ್ಕೆಯೊಂದು ಎಂಪಿ3ಯಲ್ಲಿದೆ, ಅದು ಒಳ್ಳೆಯದೇ. ಆದರೆ ಹಳೆಯ ಪ್ಲೇಯರ್‌ಗಳಲ್ಲಿ ಅಂಥ ಕಡತದ ಅವಧಿ ತಪ್ಪಾಗಿ ಕಾಣುತ್ತದೆ, ಮುಂದೋಡಿಸಿದರೆ ಎಲ್ಲೆಲ್ಲಿಗೋ ಹಾರುತ್ತದೆ. ಹಿರಿಯರ ಪೆಟ್ಟಿಗೆಗಾದರೆ ಸ್ಥಿರ ಬಿಟ್‌ರೇಟನ್ನೇ ಆರಿಸಿ.

ಮನೆಯಲ್ಲಿ ಕ್ಯಾಸೆಟ್‌ಗಳು ಉಳಿದಿದ್ದರೆ ಅವನ್ನು ನೇರವಾಗಿ ಎಂಪಿ3 ಮಾಡಬೇಡಿ ಎಂದು ಒತ್ತಿ ಹೇಳುತ್ತೇನೆ. ಟೇಪ್‌ರೆಕಾರ್ಡರ್‌ನ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿನ ಲೈನ್ ಇನ್ ತೂತಿಗೆ ತಂತಿ ಎಳೆದು, ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ 44,100 ಹರ್ಟ್ಜ್, 16 ಬಿಟ್‌ನಲ್ಲಿ ರೆಕಾರ್ಡ್ ಮಾಡಿ. ಮಟ್ಟ ತೋರಿಸುವ ಪಟ್ಟಿ ಚೆಂಡೆಯ ಜೋರಿನಲ್ಲೂ ಮೈನಸ್ 6 ಡೆಸಿಬೆಲ್‌ನ ಆಸುಪಾಸಿನಲ್ಲಿ ನಿಲ್ಲುವಂತೆ ನೋಡಿಕೊಳ್ಳಿ; ಅದು ಸೊನ್ನೆಯನ್ನು ಮುಟ್ಟಿತೆಂದರೆ ದನಿಯ ತಲೆ ಕತ್ತರಿಸಿದಂತೆ, ಆಮೇಲೆ ಅದನ್ನು ಸರಿಪಡಿಸಲಾಗದು. 90 ನಿಮಿಷದ ಒಂದು ಕ್ಯಾಸೆಟ್ ಮೊನೊ ವೇವ್‌ನಲ್ಲಿ ಸುಮಾರು 476 ಮೆಗಾಬೈಟ್ ಆಗುತ್ತದೆ, ಫ್ಲಾಕ್ ಮಾಡಿದರೆ ಇನ್ನೂ ಕಡಿಮೆ. ಆ ಫ್ಲಾಕ್ ಮೂಲಪ್ರತಿ, ಅದನ್ನು ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಇಟ್ಟುಕೊಳ್ಳಬೇಕು. ಪೆಟ್ಟಿಗೆಗೆ ಹಾಕುವ ಎಂಪಿ3 ಅದರಿಂದ ಹುಟ್ಟಿದ ಬಳಕೆಯ ಪ್ರತಿ, ಕಳೆದುಹೋದರೂ ಚಿಂತೆಯಿಲ್ಲ. ಎಂಪಿ3ಯಿಂದ ಎಎಸಿ, ಎಎಸಿಯಿಂದ ಮತ್ತೆ ಎಂಪಿ3 ಎಂದು ಬದಲಿಸುತ್ತ ಹೋದರೆ ಜೆರಾಕ್ಸಿನ ಜೆರಾಕ್ಸ್ ತೆಗೆದಂತೆ ಪ್ರತಿ ಸಲವೂ ಒಂದಿಷ್ಟು ಅಳಿಸಿಹೋಗುತ್ತದೆ. 128 ಕಿಲೋಬಿಟ್‌ನ ಕಡತವನ್ನು 320 ಮಾಡಿದರೆ ಗಾತ್ರ ಹೆಚ್ಚುತ್ತದೆಯೇ ಹೊರತು ದನಿ ಸುಧಾರಿಸುವುದಿಲ್ಲ. ಅತ್ತೆಯ ಎಂ4ಎ ಕಡತಗಳನ್ನು ಎಂಪಿ3 ಮಾಡಲೇಬೇಕಾಯಿತು. ಮೊದಲಿಗಿಂತ ಸ್ವಲ್ಪ ಹೆಚ್ಚಿನ ಬಿಟ್‌ರೇಟ್ ಕೊಟ್ಟು ಒಂದೇ ಸಲ ಬದಲಿಸಿ, ಮೂಲವನ್ನು ಅಳಿಸದೆ ಇಟ್ಟೆ.

ಹೆಸರು, ಸಾಲು, ಕನ್ನಡದ ಅಕ್ಷರ

ಎಲ್ಲ ಕಡತಗಳೂ ಎಂಪಿ3 ಆದ ಮೇಲೂ ಅತ್ತೆ ಒಂದು ದೂರು ಹೇಳಿದರು: ಪ್ರಸಂಗದ ಮೂರನೆಯ ಭಾಗ ಮೊದಲು ಬರುತ್ತದೆ, ಕೊನೆಯ ಭಾಗ ನಡುವೆ ಬರುತ್ತದೆ. ಅಗ್ಗದ ಪ್ಲೇಯರ್‌ಗಳು ಹೆಸರಿನ ಅಕಾರಾದಿಯನ್ನು ನೋಡುವುದೇ ಇಲ್ಲ. ಯಾವ ಕಡತ ಮೊದಲು ನಕಲಾಯಿತೋ ಅದನ್ನು ಮೊದಲು ನುಡಿಸುತ್ತವೆ. ಕಂಪ್ಯೂಟರಿನ ಪರದೆಯ ಮೇಲೆ ಸಾಲು ಸರಿಯಾಗಿ ಕಾಣುವುದರಿಂದ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಪರಿಹಾರ ಸುಲಭ: ಪೆನ್‌ಡ್ರೈವನ್ನು ಖಾಲಿ ಮಾಡಿ ಫಾರ್ಮ್ಯಾಟ್ ಮಾಡಿ, ಒಂದೊಂದು ಪ್ರಸಂಗಕ್ಕೂ ಒಂದೊಂದು ಫೋಲ್ಡರ್ ಮಾಡಿ, ಭಾಗಗಳನ್ನು ಬೇಕಾದ ಕ್ರಮದಲ್ಲೇ ಒಂದೊಂದಾಗಿ ನಕಲಿಸುವುದು. ಹೆಸರಿನ ಮೊದಲಿಗೆ 01, 02 ಎಂದು ಎರಡಂಕಿಯ ಸಂಖ್ಯೆ ಕೊಡಿ. ಬರಿಯ 1, 2 ಎಂದು ಬರೆದರೆ ಅಕಾರಾದಿಯನ್ನು ನೋಡುವ ಪ್ಲೇಯರ್‌ಗಳಲ್ಲಿ 1ರ ನಂತರ 10 ಬಂದು ನಿಲ್ಲುತ್ತದೆ.

ಕಡತದ ಹೆಸರಲ್ಲದೆ ಅದರೊಳಗೆ ಹಾಡಿನ ಶೀರ್ಷಿಕೆ, ಹಾಡಿದವರ ಹೆಸರು, ಚಿತ್ರ ಇರುವ ಟ್ಯಾಗ್ ಎಂಬ ಭಾಗವೂ ಇರುತ್ತದೆ. ಎಂಪಿ3ಯಲ್ಲಿ ಇದಕ್ಕೆ ಐಡಿ3 ಎಂದು ಹೆಸರು. ಅದರ ಮೊದಲ ಆವೃತ್ತಿ ಕಡತದ ತೀರ ಕೊನೆಯಲ್ಲಿ ಸೇರಿಸುವ 128 ಬೈಟ್‌ಗಳ ತುಂಡು, ಶೀರ್ಷಿಕೆಗೆ 30 ಬೈಟ್ ಮಾತ್ರ. ಯೂನಿಕೋಡ್ ಅಕ್ಷರಗಳನ್ನು ಬರೆದಿಡುವ ಯುಟಿಎಫ್-8 ಸಂಕೇತದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು, ಕಾಗುಣಿತದ ಕೊಂಬು, ಏತ್ವ, ಒತ್ತಕ್ಷರದ ಕೊಂಡಿ ಎಲ್ಲವೂ ಬೇರೆ ಬೇರೆ ಚಿಹ್ನೆಗಳಾಗಿ ಎಣಿಕೆಯಾಗುತ್ತವೆ. 'ತಾಳಮದ್ದಲೆ' ಎಂಬ ಒಂದು ಪದವೇ 9 ಚಿಹ್ನೆ, 27 ಬೈಟ್. ಎರಡನೆಯ ಆವೃತ್ತಿಯಲ್ಲಿ ಈ ಇಕ್ಕಟ್ಟು ಇಲ್ಲ. ಅದರಲ್ಲಿ 2.3 ಎಂಬ ಉಪ ಆವೃತ್ತಿಯನ್ನು ಯುಟಿಎಫ್-16 ಸಂಕೇತದೊಂದಿಗೆ ಬಳಸಿದರೆ ಹೆಚ್ಚಿನ ಪ್ಲೇಯರ್‌ಗಳು ಓದುತ್ತವೆ. ಎಂಪಿ3ಟ್ಯಾಗ್ ಎಂಬ ತಂತ್ರಾಂಶದ ಸಿದ್ಧತೆಗಳಲ್ಲಿ ಈ ಆಯ್ಕೆ ಇದೆ. ನುಡಿ, ಬರಹ ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ ಕಾಲದ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಹೆಸರು ಬರೆದಿದ್ದರೆ ಎಲ್ಲ ಕಡೆಯೂ ಅರ್ಥವಾಗದ ಗೀಟುಗಳೇ ಕಾಣುತ್ತವೆ. ಅವನ್ನು ಯೂನಿಕೋಡ್‌ಗೆ ಬದಲಿಸಿಯೇ ಮುಂದುವರಿಯಬೇಕು. ಇಷ್ಟಾದರೂ ಎರಡು ಗೆರೆಯ ಪರದೆಯಿರುವ ಪುಟ್ಟ ಪ್ಲೇಯರ್‌ಗಳಲ್ಲಿ ಕನ್ನಡದ ಅಕ್ಷರವೇ ಇರುವುದಿಲ್ಲ, ಚೌಕಗಳು ಕಾಣುತ್ತವೆ. ಕನ್ನಡದ ಹಾಡಿಗೆ ಕನ್ನಡದಲ್ಲಿ ಹೆಸರು ಕಾಣಬೇಕೆಂಬುದು ನ್ಯಾಯವಾದ ಆಸೆ. ಅದು ಸಿಗುವವರೆಗೆ ಕಡತದ ಹೆಸರನ್ನು ಅಂಕಿ ಮತ್ತು ರೋಮನ್ ಲಿಪಿಯಲ್ಲಿ ಚಿಕ್ಕದಾಗಿ ಇಟ್ಟು, ಟ್ಯಾಗಿನೊಳಗೆ ಕನ್ನಡವನ್ನು ಬರೆದಿಡುವುದು ನಾನು ಕಂಡುಕೊಂಡ ದಾರಿ. ಟ್ಯಾಗಿನೊಳಗೆ ದೊಡ್ಡ ಫೋಟೊ ಸೇರಿಸಬೇಡಿ, ಅದನ್ನು ದಾಟಿ ದನಿಯನ್ನು ತಲುಪಲು ಕೆಲವು ಪ್ಲೇಯರ್‌ಗಳು ತಡವರಿಸುತ್ತವೆ.

ಪೆನ್‌ಡ್ರೈವಿನ ವಿಷಯದಲ್ಲಿ ಒಂದೇ ಮಾತು. ಬಹಳಷ್ಟು ಪುಟ್ಟ ಪ್ಲೇಯರ್‌ಗಳಿಗೆ ಡ್ರೈವಿನೊಳಗೆ ಕಡತಗಳನ್ನು ಜೋಡಿಸಿಡುವ ವ್ಯವಸ್ಥೆಗಳಲ್ಲಿ ಫ್ಯಾಟ್32 ಎಂಬುದು ಮಾತ್ರ ಅರ್ಥವಾಗುತ್ತದೆ. 64 ಗಿಗಾಬೈಟ್ ಮತ್ತು ಅದಕ್ಕಿಂತ ದೊಡ್ಡ ಮೆಮೊರಿ ಕಾರ್ಡುಗಳು ಎಕ್ಸ್‌ಫ್ಯಾಟ್ ಎಂಬ ಬೇರೆ ವ್ಯವಸ್ಥೆಯಲ್ಲಿ ಬರುತ್ತವೆ, ಪೆಟ್ಟಿಗೆಗೆ ಅವು ಖಾಲಿ ಕಾರ್ಡಿನಂತೆ ಕಾಣುತ್ತವೆ. 32 ಗಿಗಾಬೈಟ್ ಅಥವಾ ಅದಕ್ಕಿಂತ ಚಿಕ್ಕದನ್ನು ಕೊಂಡರೆ ಈ ಗೊಡವೆಯೇ ಇಲ್ಲ.

ವಿಡಿಯೊದ ಕಡೆಗೆ

ವಿಡಿಯೊದಲ್ಲಿ ಡಬ್ಬಿ ಮತ್ತು ಕೊಡೆಕ್‌ಗಳ ವ್ಯತ್ಯಾಸ ಇನ್ನಷ್ಟು ತೀವ್ರವಾಗಿ ಕಾಡುತ್ತದೆ, ಏಕೆಂದರೆ ಒಂದೇ ಡಬ್ಬಿಯಲ್ಲಿ ಚಿತ್ರಕ್ಕೊಂದು ಕೊಡೆಕ್, ದನಿಗೆ ಇನ್ನೊಂದು ಇರುತ್ತದೆ. ಎಂಪಿ4 ಪ್ಲೇಯರ್ ಎಂಬ ಹೆಸರಿನಲ್ಲಿ ಹಿಂದೆ ಮಾರಾಟವಾದ ಅಗ್ಗದ ಚೀನೀ ಪ್ಲೇಯರ್‌ಗಳನ್ನು ನೆನೆಸಿಕೊಳ್ಳಿ. ಅವುಗಳಲ್ಲಿ ಬಹಳಷ್ಟಕ್ಕೆ ಎಂಪಿ4 ಕಡತವನ್ನು ತೆರೆಯಲು ಬರುತ್ತಲೇ ಇರಲಿಲ್ಲ. ಎಎಂವಿ ಎಂಬ ತಮ್ಮದೇ ಬಗೆಗೆ, ಬೆಂಕಿಪೊಟ್ಟಣದಷ್ಟು ಚಿತ್ರಕ್ಕೆ ಇಳಿಸಿದರೆ ಮಾತ್ರ ತೋರಿಸುತ್ತಿದ್ದವು. ಆ ಹೆಸರನ್ನು ನಂಬಿ ಕೊಂಡವರಿಗೆ ಆದದ್ದು ಅನ್ಯಾಯವೇ.

ಇಂದು ಎಲ್ಲಕ್ಕಿಂತ ಹೆಚ್ಚು ಕಡೆ ನಡೆಯುವ ಜೋಡಿ ಎಂಪಿ4 ಡಬ್ಬಿಯಲ್ಲಿ ಎಚ್.264 ಚಿತ್ರ ಮತ್ತು ಎಎಸಿ ದನಿ. ಎಚ್.264 ಬಂದದ್ದು 2003ರಲ್ಲಿ. ಅದರಲ್ಲೂ ಬೇಸ್‌ಲೈನ್, ಮೇನ್, ಹೈ ಎಂಬ ಅಂತಸ್ತುಗಳಿವೆ. ಹಳೆಯ ಕಿಸೆ ಪ್ಲೇಯರ್‌ಗಳಿಗೆ ಬೇಸ್‌ಲೈನ್ ಮಾತ್ರ ಬಿಡಿಸಲು ಬರುತ್ತದೆ. 2005ರಲ್ಲಿ ಬಂದ ವಿಡಿಯೊ ತೋರಿಸುವ ಐಪಾಡ್ ಎಚ್.264 ಅನ್ನು ಒಪ್ಪುತ್ತಿದ್ದರೂ ಮೊದಲಿಗೆ ಬೇಸ್‌ಲೈನ್‌ನಲ್ಲಿ, 320 ಅಗಲ 240 ಎತ್ತರದ ಚಿತ್ರಕ್ಕೆ ಮಾತ್ರ. 2013ರ ಎಚ್.265 ಅಷ್ಟೇ ಅಂದದ ಚಿತ್ರವನ್ನು ಸರಿಸುಮಾರು ಅರ್ಧ ಜಾಗದಲ್ಲಿ ಹಿಡಿದಿಡುತ್ತದೆ. ಹೊಸ ಐಫೋನುಗಳು ತಾವಾಗಿಯೇ ಅದರಲ್ಲೇ ಚಿತ್ರಿಸುತ್ತವೆ. ಮದುವೆಯ ವಿಡಿಯೊ ಫೋನಿನಲ್ಲಿ ಚೆನ್ನಾಗಿದ್ದು ಊರಿನ ಹಳೆಯ ಟಿವಿಯಲ್ಲಿ ಕಪ್ಪು ಪರದೆಯಾಗುವುದಕ್ಕೆ ಹಲವು ಸಲ ಇದೇ ಕಾರಣವಾಗಿರುತ್ತದೆ. ಐಫೋನಿನ ಕ್ಯಾಮೆರಾ ಸಿದ್ಧತೆಯಲ್ಲಿ ಫಾರ್ಮ್ಯಾಟ್ಸ್ ಎಂಬಲ್ಲಿಗೆ ಹೋಗಿ ಮೋಸ್ಟ್ ಕಂಪ್ಯಾಟಿಬಲ್ ಎಂಬುದನ್ನು ಆರಿಸಿದರೆ ಅದು ಮುಂದೆ ಸಾಮಾನ್ಯ ವಿಡಿಯೊಗಳನ್ನು ಎಚ್.264ರಲ್ಲಿ ಚಿತ್ರಿಸುತ್ತದೆ.

ಚಿತ್ರ ಬಂದು ದನಿ ಬಾರದಿದ್ದರೆ ದನಿಯ ಕೊಡೆಕ್ಕನ್ನು ಅನುಮಾನಿಸಿ. ಸಿನಿಮಾ ಡಿಸ್ಕುಗಳಿಂದ ಬಂದ ಕಡತಗಳಲ್ಲಿ ಡಾಲ್ಬಿಯ ಎಸಿ3 ಅಥವಾ ಡಿಟಿಎಸ್ ದನಿ ಇರುತ್ತದೆ, ಎಷ್ಟೋ ಪ್ಲೇಯರ್‌ಗಳೂ ಟಿವಿಗಳೂ ಅದಕ್ಕೆ ಪರವಾನಗಿ ಪಡೆದಿರುವುದಿಲ್ಲ. ಆಗ ಚಿತ್ರವನ್ನು ಮುಟ್ಟದೆ ದನಿಯನ್ನು ಮಾತ್ರ ಎಎಸಿಗೆ ಬದಲಿಸಿದರೆ ಸಾಕು. ಹಾಗೆಯೇ ಎಂಕೆವಿ ಡಬ್ಬಿಯೊಳಗೆ ಎಚ್.264 ಮತ್ತು ಎಎಸಿಯೇ ಇದ್ದು ಪ್ಲೇಯರ್‌ಗೆ ಆ ಡಬ್ಬಿ ತೆರೆಯಲು ಬಾರದಿದ್ದರೆ, ಒಳಗಿನದನ್ನು ಹಾಗೆಯೇ ಎತ್ತಿ ಎಂಪಿ4 ಡಬ್ಬಿಗೆ ಸುರಿಯಬಹುದು. ಎಫ್‌ಎಫ್‌ಎಂಪೆಗ್ ಎಂಬ ಸಾಧನದಲ್ಲಿ ಇದಕ್ಕೆ ಕಾಪಿ ಎಂಬ ಆಯ್ಕೆ ಇದೆ, ಕ್ಷಣಮಾತ್ರದಲ್ಲಿ ಮುಗಿಯುತ್ತದೆ, ಗುಣಮಟ್ಟ ಕೂದಲೆಳೆಯಷ್ಟೂ ಇಳಿಯುವುದಿಲ್ಲ. ಪೂರ್ತಿಯಾಗಿ ಬದಲಿಸುವುದು ಕೊನೆಯ ದಾರಿ. ಅದಕ್ಕೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶ ಸಾಕು. ಕಡತವನ್ನು ಅದರೊಳಗೆ ಎಳೆದುಹಾಕಿ, ಪ್ರೀಸೆಟ್‌ಗಳಲ್ಲಿ ಚಿಕ್ಕ ಪರದೆಗೆ ಫಾಸ್ಟ್ 480ಪಿ30, ಟಿವಿಗೆ ಫಾಸ್ಟ್ 720ಪಿ30 ಆರಿಸಿ, ಡಬ್ಬಿ ಎಂಪಿ4 ಎಂದು ಖಚಿತಪಡಿಸಿಕೊಂಡು ಆರಂಭಿಸಬೇಕು. ಹಳೆಯ ಪ್ಲೇಯರ್ ಆದರೆ ವಿಡಿಯೊ ಎಂಬ ಪುಟದಲ್ಲಿ ಪ್ರೊಫೈಲನ್ನು ಬೇಸ್‌ಲೈನ್‌ಗೆ ಇಳಿಸಿ.

ಕರಾವಳಿ ಮಲೆನಾಡಿನ ಮನೆಗಳಲ್ಲಿ ಯಕ್ಷಗಾನದ ವಿಸಿಡಿಗಳ ಕಟ್ಟು ಇನ್ನೂ ಇರುತ್ತದೆ. ಅದರೊಳಗಿನ ಡಿಎಟಿ ಕಡತಗಳನ್ನು ಕಂಡು ಇದೇನೋ ಬೇರೆಯೆಂದು ಹೆದರಬೇಕಾಗಿಲ್ಲ. ಅವು 352 ಅಗಲ 288 ಎತ್ತರದ ಎಂಪೆಗ್-1 ವಿಡಿಯೊಗಳು, ವಿಎಲ್‌ಸಿ ಅವನ್ನು ನೇರವಾಗಿ ತೋರಿಸುತ್ತದೆ. ಎಂಪಿ4 ಮಾಡುವಾಗ ಅವನ್ನು ಹಿಗ್ಗಿಸಿ 720 ಮಾಡಲು ಹೋಗಬೇಡಿ, ಇಲ್ಲದ ವಿವರ ಎಲ್ಲಿಂದಲೂ ಬರುವುದಿಲ್ಲ, ಜಾಗ ಮಾತ್ರ ವ್ಯರ್ಥ. ತಟ್ಟೆಯ ಹೊಳಪು ಪದರ ಎದ್ದುಹೋಗುವ ಮೊದಲು ಮೂಲ ಡಿಎಟಿಯನ್ನೇ ಡಿಸ್ಕಿಗೆ ನಕಲಿಸಿ ಇಟ್ಟುಕೊಳ್ಳಿ.

ಗಾತ್ರದ ಲೆಕ್ಕ ಇಲ್ಲಿಯೂ ಹಿಂದಿನದೇ. ಫೋನಿನ ವಿಡಿಯೊ ಸೆಕೆಂಡಿಗೆ 17 ಮೆಗಾಬಿಟ್‌ನಲ್ಲಿ ದಾಖಲಾಗಿದ್ದರೆ ಗಂಟೆಗೆ 7.6 ಗಿಗಾಬೈಟ್. ಫ್ಯಾಟ್32ರಲ್ಲಿ ಒಂದು ಕಡತ 4 ಗಿಗಾಬೈಟನ್ನು ಮೀರುವಂತಿಲ್ಲ, ಅಂದರೆ ಅರ್ಧ ಗಂಟೆ ದಾಟುತ್ತಿದ್ದಂತೆ ಅದು ಪೆನ್‌ಡ್ರೈವ್‌ಗೆ ನಕಲಾಗುವುದೇ ಇಲ್ಲ, ಜಾಗ ಎಷ್ಟೇ ಖಾಲಿ ಇದ್ದರೂ. ಅದನ್ನೇ 480ರ ಎತ್ತರಕ್ಕೆ ಇಳಿಸಿ ಚಿತ್ರಕ್ಕೆ 1,000, ದನಿಗೆ 128 ಕಿಲೋಬಿಟ್ ಕೊಟ್ಟರೆ ಗಂಟೆಗೆ ಸುಮಾರು 508 ಮೆಗಾಬೈಟ್ ಆಗುತ್ತದೆ, ಇಡೀ ರಾತ್ರಿಯ ಆಟವೂ ಒಂದೇ ಕಡತದಲ್ಲಿ ಕೂರುತ್ತದೆ.

ನೂರಾರು ಕಡತಗಳನ್ನು ಬದಲಿಸಲು ಕೂರುವ ಮೊದಲು ಒಂದು ಹಾಡು, ಎರಡು ನಿಮಿಷದ ಒಂದು ವಿಡಿಯೊ ತುಂಡು ಮಾತ್ರ ಬದಲಿಸಿ, ಅದನ್ನು ಬಳಸುವವರ ಪ್ಲೇಯರ್‌ನಲ್ಲೇ ಹಾಕಿ ನೋಡಿ. ನಿಮ್ಮ ಕಂಪ್ಯೂಟರಿನಲ್ಲಿ ನೋಡಿದ್ದು ಲೆಕ್ಕಕ್ಕಿಲ್ಲ. ಮುಂದೋಡಿಸಿ ನೋಡಿ, ಆರಿಸಿ ಮತ್ತೆ ಹಚ್ಚಿ ನೋಡಿ, ಮುಂದಿನ ಹಾಡಿಗೆ ಸರಿಯಾಗಿ ಹೋಗುತ್ತದೆಯೇ ಎಂದು ನೋಡಿ. ಅತ್ತೆಯ ಪೆಟ್ಟಿಗೆಗೆ ನಾನು ಹೀಗೆ ಮೊದಲು ಕಳಿಸಿದ್ದು ಐದೇ ಕಡತಗಳನ್ನು. ಅವರು ಫೋನು ಮಾಡಿ, ಹಿನ್ನೆಲೆಯಲ್ಲಿ ಚೆಂಡೆಯ ಸದ್ದು ಕೇಳುತ್ತಿರುವಂತೆಯೇ, "ಎಲ್ಲ ಸಾಲಾಗಿ ಬರ್ತಾ ಇದ್ದು ಮಾಣಿ, ಉಳಿದದ್ದೂ ಹಾಕಿ ಕಳ್ಸು" ಎಂದ ಮೇಲೆಯೇ ಉಳಿದ 36ನ್ನು ತುಂಬಿದೆ.